ಬಿಲ್ಲಿಂಗ್ ಕೌಂಟರಿನಲ್ಲಿ ಕೈ ಪಳಗಿದ ಮೇಲೆ

(ಬಳ್ಳಾರಿಯಲ್ಲಿ ಪದವಿ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಪರೀಕ್ಷೆ ಮುಗಿದ ಮೇಲೆ ನಿಮ್ಮಲ್ಲಿ ಕೆಲವರು ಸೂಪರ್ ಮಾರ್ಕೆಟ್ ಕೆಲಸಕ್ಕೆ ಸೇರುತ್ತೀರಿ ಅಂತ ನಿಮ್ಮ ಮೇಡಂ ಹೇಳಿದರು. ಹೇಳುವಾಗ ಅವರ ದನಿ ಸ್ವಲ್ಪ ತಗ್ಗಿತು. "ಸದ್ಯಕ್ಕೆ ಅಷ್ಟೇ, ಬೇರೆ ಏನಾದರೂ ಸಿಗುವವರೆಗೆ" ಅಂದರು. ನಾನೂ ಸದ್ಯಕ್ಕೆ ಅಂತಲೇ ಸೇರಿದವಳು. ಒಂಬತ್ತು ವರ್ಷ ಆಯಿತು, ಇದೇ ಊರಲ್ಲಿ ಬಿಲ್ ಹಾಕುತ್ತಿದ್ದೇನೆ. ಈ ಕೆಲಸದಲ್ಲಿ ನನಗೆ ಖುಷಿ ಇದೆ. ಅದು ಎಲ್ಲಿಂದ ಬರುತ್ತದೆ ಅನ್ನುವುದನ್ನು ಹೇಳೋಣ ಅಂತ ಬಂದಿದ್ದೇನೆ.

ಸೇರಿದ ಹೊಸದರಲ್ಲಿ ನಮಗೆ ಹೇಳಿಕೊಟ್ಟಿದ್ದು ಒಂದೇ ಮಾತು: ನಗಬೇಕು, ಗಿರಾಕಿ ನಕ್ಕರೆ ನಿಮ್ಮ ದಿನವೂ ಚೆನ್ನಾಗಿರುತ್ತದೆ. ನಾನು ನಂಬಿದೆ. ತಿಂಗಳು ಪೂರ್ತಿ ಬಂದವರ ಮುಖ ನೋಡಿದ್ದೇ ಆಯಿತು. ಏಪ್ರಿಲ್ ತಿಂಗಳು, ನಮ್ಮ ಬಳ್ಳಾರಿ ಬಿಸಿಲು ನಿಮಗೆ ಗೊತ್ತಲ್ವಾ. ಬಿಸಿಲಲ್ಲಿ ಬೆಂದು ಬಂದವರು ನಗುವುದೆಲ್ಲಿ? ಅವರು ಸಿಡುಕಿದರೆ ನನ್ನದೇ ಏನೋ ತಪ್ಪು ಅನ್ನಿಸುತ್ತಿತ್ತು. ಮುಖ ನೋಡುವ ಗಡಿಬಿಡಿಯಲ್ಲಿ ಕೈ ಕಡೆ ಗಮನವೇ ಇರಲಿಲ್ಲ. ಒಂದು ಭಾನುವಾರ ನೂರರ ನೋಟು ಇಸಕೊಂಡು ಐನೂರಕ್ಕೆ ಚಿಲ್ಲರೆ ಕೊಟ್ಟುಬಿಟ್ಟೆ. ರಾತ್ರಿ ಲೆಕ್ಕಕ್ಕೆ ನಾನೂರು ರೂಪಾಯಿ ಕಮ್ಮಿ ಬಂತು. ಸಂಬಳದಲ್ಲಿ ಹಿಡಿದರು.

ಅವತ್ತು ಪಕ್ಕದ ಕೌಂಟರಿನ ಅಕ್ಕ ಬಂದು ಹೇಳಿದಳು: "ನೋಟು ಇಸಕೊಂಡ ಕೂಡಲೇ ಒಳಗ ಹಾಕಬ್ಯಾಡ. ಎಷ್ಟರ ನೋಟು ಅಂತ ಬಾಯಿಬಿಟ್ಟು ಹೇಳು. ಕಣ್ಣಮುಂದ ಇಟ್ಕ. ಚಿಲ್ಲರೆ ಅವರ ಕೈಗೆ ಹೋದ ಮ್ಯಾಲೆ ಡ್ರಾಕ್ಕ ಹಾಕು."

ಇಷ್ಟೇ. ಆದರೆ ನನಗೆ ಈ ಕೆಲಸ ಶುರುವಾಗಿದ್ದು ಅವತ್ತಿನಿಂದ. ಇದರಲ್ಲಿ ಕಲಿಯುವುದಿದೆ, ಕೈ ಪಳಗುವುದಿದೆ ಅಂತ ಗೊತ್ತಾಯಿತು. ಗಿರಾಕಿಯ ನಗು ಬಂದರೆ ಬರಲಿ. ನನ್ನ ಖುಷಿ ನನ್ನ ಕೈಯಲ್ಲಿರಲಿ ಅಂತ ಆಮೇಲೆ ಅಂದುಕೊಂಡೆ.

ಬಾರ್‌ಕೋಡ್ ತಗೊಳ್ಳಿ. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಅನ್ನುವ ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಚೂಯಿಂಗ್ ಗಮ್ ಪ್ಯಾಕನ್ನು ಸ್ಕ್ಯಾನ್ ಮಾಡಿದರು. ಈ ಬಾರ್‌ಕೋಡ್‌ಗೆ ಅದೇ ಮೊದಲ ಬಿಲ್. ಅವತ್ತು ಅದನ್ನು ಮಾಡಿದ್ದು ನನ್ನ ಹಾಗೆಯೇ ಕೌಂಟರಿನಲ್ಲಿ ನಿಂತಿದ್ದ ಒಬ್ಬ ಹೆಣ್ಣುಮಗಳು. ಅದನ್ನು ತಿಳಿದ ದಿನ ನನಗೆ ಬಹಳ ಹೆಮ್ಮೆಯಾಗಿತ್ತು.

ನಮ್ಮಲ್ಲಿ ಹೆಚ್ಚಿನ ಸಾಮಾನಿನ ಮೇಲೆ ಗೆರೆಗಳ ಕೆಳಗೆ ಹದಿಮೂರು ಅಂಕಿ ಇರುತ್ತವೆ. ನಮ್ಮ ದೇಶದಲ್ಲಿ ಕೊಟ್ಟ ನಂಬರ್ ಆದರೆ 890 ಅಂತ ಶುರುವಾಗುತ್ತದೆ. ಕೊನೆಯ ಅಂಕಿ ಕಾವಲುಗಾರ. 8901234567890 ಅಂತ ಬರೆದುಕೊಳ್ಳಿ. ಕೊನೆಯದನ್ನು ಬಿಟ್ಟು, ಮೊದಲನೆಯದು, ಮೂರನೆಯದು, ಐದನೆಯದು, ಹೀಗೆ ಒಂದು ಬಿಟ್ಟು ಒಂದು ಕೂಡಿಸಿ: 28. ಉಳಿದವನ್ನು ಕೂಡಿಸಿದರೆ 34, ಅದರ ಮೂರರಷ್ಟು 102. ಎರಡೂ ಸೇರಿ 130. ಹತ್ತರಿಂದ ಸರಿಯಾಗಿ ಭಾಗವಾಯಿತು, ಹಾಗಾಗಿ ಕೊನೆಯ ಅಂಕಿ ಸೊನ್ನೆ. ಸ್ಕ್ಯಾನ್ ಆಗದೆ ಕೈಯಿಂದ ನಂಬರ್ ಹೊಡೆಯುವಾಗ ಒಂದೇ ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಕೂಡುವುದಿಲ್ಲ. ಜನ ಕಮ್ಮಿ ಇದ್ದಾಗ ನಾನು ಸುಮ್ನೆ ಬಿಸ್ಕಿಟ್ ಪ್ಯಾಕ್ ಹಿಡಿದು ಮನಸ್ಸಿನಲ್ಲೇ ಕೂಡಿಸುತ್ತಿರುತ್ತೇನೆ.

ಇನ್ನು ಕೈಯ ಮಾತು. ಚಿಪ್ಸ್ ಪ್ಯಾಕ್ ಮುದುಡಿದ್ದರೆ ಹೆಬ್ಬೆರಳಿನಿಂದ ತೀಡಿ ಗೆರೆ ನೆಟ್ಟಗೆ ಮಾಡಬೇಕು. ಫ್ರೀಜರಿನಿಂದ ಬಂದ ಬಟಾಣಿ ಪೊಟ್ಟಣಕ್ಕೆ ಮಂಜು ಹಿಡಿದಿರುತ್ತದೆ, ಬಟ್ಟೆಯಲ್ಲಿ ಒರೆಸಬೇಕು. ಬೇಳೆ, ಎಣ್ಣೆ ಕೆಳಗೆ, ಮೊಟ್ಟೆ, ಬ್ರೆಡ್ ಮೇಲೆ. ಸೋಪು ಮತ್ತು ಚಹಾಪುಡಿ ಯಾವತ್ತೂ ಒಂದೇ ಚೀಲದಲ್ಲಿ ಬೇಡ. ಇದೆಲ್ಲ ಯೋಚನೆ ಮಾಡದೆ ಆಗತೊಡಗಿದಾಗ ಬೀಪ್, ಬೀಪ್ ಅನ್ನುವ ಸದ್ದಿಗೆ ಒಂದು ಲಯ ಬರುತ್ತದೆ. ರೊಟ್ಟಿ ಬಡಿಯುವವರಿಗೆ ಈ ಮಾತು ತಕ್ಷಣ ಗೊತ್ತಾಗುತ್ತದೆ.

ಕೈ ಪಳಗಿದ ಮೇಲೆ ಕಣ್ಣಿಗೆ ಬಿಡುವು ಸಿಗುತ್ತದೆ. ಆಗ ಊರು ಕಾಣುತ್ತದೆ. ಶೇಂಗಾ, ಎಳ್ಳು, ಬೆಲ್ಲ, ಪುಟಾಣಿ ಒಟ್ಟೊಟ್ಟಿಗೆ ಬರತೊಡಗಿದರೆ ಪಂಚಮಿ ಉಂಡಿ ಹತ್ತಿರ ಬಂತು. ಶಾವಿಗೆ, ಖರ್ಜೂರ ಜಾಸ್ತಿಯಾದರೆ ರಂಜಾನ್.

ಒಬ್ಬ ಅಜ್ಜಿ ಬರುತ್ತಾರೆ. ಸೆರಗಿನ ಗಂಟಿನಲ್ಲಿ ದುಡ್ಡು. ಗಂಟು ಬಿಚ್ಚಿ ಎಲ್ಲವನ್ನೂ ಕೌಂಟರಿನ ಮೇಲೆ ಸುರಿದು, "ನೀನೇ ಎಣಸವ್ವಾ" ಅನ್ನುತ್ತಾರೆ. ನಾನು ಎಣಿಸುತ್ತೇನೆ, ಆದರೆ ಗಟ್ಟಿಯಾಗಿ. ಹತ್ತರ ನಾಣ್ಯ ಒಂದು ಕಡೆ, ಐದರದು ಒಂದು ಕಡೆ. ಮೂರನೇ ಸಲ ಬಂದಾಗ ಅವರೂ ನನ್ನ ಜೊತೆ ತುಟಿ ಆಡಿಸುತ್ತಿದ್ದರು. ಮೊನ್ನೆ ನಾನು ಐವತ್ತಕ್ಕೆ ತಡವರಿಸಿದಾಗ, "ಐವತ್ತೈದಾತು" ಅಂತ ಅವರೇ ತಿದ್ದಿದರು. ಹಿಂದೆ ಎಂಟು ಜನ ನಿಂತಿದ್ದರು. ನಿಂತಿರಲಿ, ಅದು ಎರಡು ನಿಮಿಷದ ಮಾತು.

ಇನ್ನೊಂದು ಮಾತು ಹೇಳದೆ ಹೋದರೆ ನಿಮಗೆ ಮೋಸ ಮಾಡಿದ ಹಾಗೆ. ಖುಷಿ ಇದೆ ಅಂದ ಮಾತ್ರಕ್ಕೆ ಹಿಮ್ಮಡಿ ನೋವು ಹೋಗುವುದಿಲ್ಲ. ಅಂಗಡಿಗಳಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರಿಗೆ ಕೂರಲು ಜಾಗ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಕೇರಳದಲ್ಲಿ ಅದಕ್ಕೆ ಹೆಣ್ಣುಮಕ್ಕಳು ಬೀದಿಗಿಳಿದು ಕೇಳಿದ್ದೂ ಕಾರಣ. ನೀವು ಸೇರುವ ದಿನವೇ ಸ್ಟೂಲ್ ಕೇಳಿ. ಲೆಕ್ಕ ಕಮ್ಮಿ ಬಂದರೆ ಏನು ಮಾಡುತ್ತೀರಿ ಅಂತಲೂ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಮಾತು ಸಾಕು. ಈ ಚೀಲದಲ್ಲಿ ಹದಿನೈದು ಸಾಮಾನು ತಂದಿದ್ದೇನೆ. ಮುಂದಿನ ಸಾಲಿನವರು ಇಬ್ಬರು ಬನ್ನಿ, ಒಬ್ಬರು ಬಿಲ್ ಹಾಕಿ, ಒಬ್ಬರು ಚೀಲ ತುಂಬಿ. ಅಡಿಯಲ್ಲಿ ಆರು ಮೊಟ್ಟೆ ಇವೆ, ನಿಜವಾದವು. ನಿಧಾನ.