ಹಳೆಯ ಸಂಖ್ಯೆ, ಹೊಸ ತೇಪೆ

ಕೇಳುಗರಿಗೆ ನಮಸ್ಕಾರ.

ಸರ್ವರ್ ನೋಡಿಕೊಳ್ಳುವವರ ಹತ್ತಿರ ಆಗಾಗ ಒಂದು ತಕರಾರು ಬರುತ್ತದೆ: "ನಿಮ್ಮಲ್ಲಿ ಇರುವುದೆಲ್ಲ ಹಳೇ ಆವೃತ್ತಿ, ತಪಾಸಣೆಯಲ್ಲಿ ಕೆಂಪು ಗುರುತು ಬಿದ್ದಿದೆ." ಗುರುತು ಬಿದ್ದ ಪ್ಯಾಕೇಜುಗಳಲ್ಲಿ, ಅಂದರೆ ಅನುಸ್ಥಾಪಿಸಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟುಗಳಲ್ಲಿ, ಎಷ್ಟೋ ಕಡೆ ದೋಷ ಸರಿಹೋಗಿ ತಿಂಗಳುಗಳೇ ಕಳೆದಿರುತ್ತವೆ. ಇದು ಹೇಗೆಂದು ತಿಳಿಯಬೇಕಾದರೆ ಕವಲುಗಳ, ಅಂದರೆ ಒಂದೇ ವ್ಯವಸ್ಥೆಯ ಬೇರೆ ಬೇರೆ ಹಂತದ ಸಂಗ್ರಹಗಳ, ಲೆಕ್ಕ ಗೊತ್ತಿರಬೇಕು.

ಸರ್ವರುಗಳಲ್ಲಿ ಬಳಸುವ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್ ಲಿನಕ್ಸನ್ನೇ ನೋಡಿ. ಹೊಸ ಪ್ಯಾಕೇಜು ಮೊದಲು ಬಂದು ಬೀಳುವುದು ಅನ್‌ಸ್ಟೇಬಲ್ ಕವಲಿಗೆ. ಸಾಮಾನ್ಯವಾಗಿ 5 ದಿನ ಅಲ್ಲಿದ್ದು, ಗಂಭೀರವಾದ ಹೊಸ ದೋಷವೇನೂ ಕಾಣದಿದ್ದರೆ ಟೆಸ್ಟಿಂಗ್‌ಗೆ ದಾಟುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್ ಅನ್ನು ಫ್ರೀಜ್ ಮಾಡಿ, ಅಂದರೆ ಹೊಸ ಬದಲಾವಣೆಗಳಿಗೆ ತಡೆ ಹಾಕಿ, ಹುಳುಕುಗಳನ್ನು ತೆಗೆದು, ಸ್ಟೇಬಲ್ ಎಂದು ಬಿಡುಗಡೆ ಮಾಡುತ್ತಾರೆ. 2023ರ ಜೂನ್‌ನಲ್ಲಿ ಬಂದ ಬುಕ್‌ವರ್ಮ್, 2025ರ ಆಗಸ್ಟ್‌ನಲ್ಲಿ ಬಂದ ಟ್ರಿಕ್ಸಿ ಹೀಗೆ ಹುಟ್ಟಿದವು.

ನಿಜವಾದ ದುಡಿಮೆ ಇರುವುದು ಬಿಡುಗಡೆಯ ನಂತರ. ಸ್ಟೇಬಲ್‌ನಲ್ಲಿ ಆವೃತ್ತಿ ಏರಿಸುವಂತಿಲ್ಲ, ದೋಷ ಮಾತ್ರ ಹೋಗಬೇಕು. ಫೈರ್‌ಫಾಕ್ಸ್‌ನಂಥ ಬ್ರೌಸರುಗಳಿಗೆ ಇದರಿಂದ ವಿನಾಯಿತಿ ಇದೆ; ಅವುಗಳ ವೇಗದ ಜೊತೆ ಹೆಣಗುವುದು ಯಾರಿಂದಲೂ ಆಗದು. ಉಳಿದವಕ್ಕೆ ಡೆಬಿಯನ್ ನಿರ್ವಾಹಕರು ಮೂಲ ಯೋಜನೆಯ, ಅಂದರೆ ಆ ತಂತ್ರಾಂಶವನ್ನು ಬರೆಯುವ ತಂಡದ, ತಿದ್ದುಪಡಿಯಲ್ಲಿ ಬೇಕಾದ ಸಾಲುಗಳನ್ನಷ್ಟೇ ಆರಿಸಿ ಹಳೆಯ ಕೋಡಿಗೆ ಹೊಂದಿಸುತ್ತಾರೆ. ಸುತ್ತಲ ಕೋಡು ಅಷ್ಟರಲ್ಲಿ ಬದಲಾಗಿದ್ದರೆ ಆ ತೇಪೆ ಸುಲಭಕ್ಕೆ ಕೂರುವುದಿಲ್ಲ. ಈ ಕೆಲಸಕ್ಕೆ ಬ್ಯಾಕ್‌ಪೋರ್ಟ್ ಮಾಡುವುದು ಎನ್ನುತ್ತಾರೆ.

ಒಂದು ಉದಾಹರಣೆ ನೋಡಿ. 2014ರ ಏಪ್ರಿಲ್ 7ರಂದು, ಜಾಲಸಂವಹನವನ್ನು ಗೂಢಲಿಪೀಕರಿಸುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾಯಿತು. ಮೂಲ ಯೋಜನೆ 1.0.1ಜಿ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿತು. ಆಗಿನ ಸ್ಟೇಬಲ್ ಆಗಿದ್ದ ವೀಜಿಯಲ್ಲಿ ಮಾತ್ರ 1.0.1ಇ ಹಾಗೇ ಉಳಿದು, ಬಾಲಕ್ಕೆ "ಡೆಬ್7ಯು5" ಸೇರಿತು. ಮೊದಲ ಭಾಗವನ್ನಷ್ಟೇ ಓದಿದವರು ಗಾಬರಿಬಿದ್ದರು. ತೇಪೆ ಬಿದ್ದ ಗುರುತು ಇದ್ದದ್ದು ಆ ಬಾಲದಲ್ಲಿ. ಅದಕ್ಕೂ ಹಿಂದಿನ ಸ್ಕ್ವೀಜ್‌ನಲ್ಲಿದ್ದ 0.9.8ಕ್ಕೆ ಈ ದೋಷ ತಟ್ಟಲೇ ಇಲ್ಲ, ಕಾರಣ ದೋಷ ಅಡಗಿದ್ದ ಹಾರ್ಟ್‌ಬೀಟ್ ಎಂಬ ಸೌಲಭ್ಯವೇ ಅದರಲ್ಲಿರಲಿಲ್ಲ. ಅನುಮಾನವಿದ್ದರೆ ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆರೆದು ಸಿವಿಇ ಸಂಖ್ಯೆ, ಅಂದರೆ ಪ್ರತಿ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ, ಹುಡುಕಿ, ಉತ್ತರ ಸಿಗುತ್ತದೆ.

ಹಾಗೆಂದು ಟೆಸ್ಟಿಂಗ್‌ಗೆ ದಾಟುವ ಮೊದಲು ಕಾಯುವ ಆ ದಿನಗಳು ಎಲ್ಲವನ್ನೂ ಸೋಸುತ್ತವೆ ಎಂದೇನೂ ಅಲ್ಲ. 2024ರಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಯಾರೋ ಬೇಕೆಂದೇ ಹಿಂಬಾಗಿಲು ಇಟ್ಟಿದ್ದರು. ಅದು ಅನ್‌ಸ್ಟೇಬಲ್ ದಾಟಿ ಟೆಸ್ಟಿಂಗ್‌ಗೂ ನುಸುಳಿತ್ತು. ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು.

ಮುಂದೆ ಒಂದು ತಮಾಷೆ. ಪ್ಯಾಕೇಜು ವ್ಯವಸ್ಥೆ ತಾನಾಗಿ ಹಿಂದಿನ ಆವೃತ್ತಿಗೆ ಇಳಿಯುವುದಿಲ್ಲ. ಅದಕ್ಕೆ ಡೆಬಿಯನ್‌ನವರು ಹಳೆಯ ಕೋಡನ್ನೇ ದೊಡ್ಡ ಸಂಖ್ಯೆ ಹಚ್ಚಿ ಕಳಿಸಿದರು: "5.6.1 ಪ್ಲಸ್ ರಿಯಲಿ 5.4.5". ಸ್ಟೇಬಲ್‌ನಲ್ಲಿದ್ದದ್ದು 5.4.1, ಅದನ್ನು ಬಳಸುತ್ತಿದ್ದವರು ಈ ಗದ್ದಲಕ್ಕಾಗಿ ಏನನ್ನೂ ಬದಲಿಸಬೇಕಾಗಿ ಬರಲಿಲ್ಲ.

ನಮಸ್ಕಾರ.