ತುಮಕೂರಿನಲ್ಲಿ ಇನ್ನೊಂದು ಪ್ರತಿ

ಕೇಳುಗರಿಗೆಲ್ಲ ನಮಸ್ಕಾರ.

ಗೌರಿ ಹಬ್ಬದ ಹಿಂದಿನ ದಿನ ನಮ್ಮ ಹನುಮಂತನಗರದ ಮನೆಯಲ್ಲಿ ಧೂಳು ಹೊಡೆಯುವ ಕೆಲಸ ನಡೆದಿತ್ತು. ಷೋಕೇಸಿನ ಮೇಲೆ, ಚನ್ನಪಟ್ಟಣದ ಗೊಂಬೆಗಳ ಹಿಂದೆ, ಅಂಗೈ ಅಗಲದ ಒಂದು ಹಾರ್ಡ್ ಡಿಸ್ಕ್ ಇತ್ತು. ಅದರ ವೈರು ನನ್ನ ಪೊರಕೆಗೆ ಸಿಕ್ಕಿಕೊಂಡಿತು. ಡಿಸ್ಕ್ ನೆಲಕ್ಕೆ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಸಂಜೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಒಳಗಿಂದ ಟಿಕ್, ಟಿಕ್, ಟಿಕ್. ಅಷ್ಟೇ. ಹನ್ನೊಂದು ವರ್ಷದ ಫೋಟೊ, ಮಗಳ ನಾಮಕರಣದ ವಿಡಿಯೊ, ಮನೆಪತ್ರದ ಸ್ಕ್ಯಾನು, ಅಪ್ಪ ಹಾಡಿದ ಎರಡು ದೇವರನಾಮ, ಎಲ್ಲ ಅದರಲ್ಲೇ.

ರಿಪೇರಿಯವರ ಹತ್ತಿರ ಒಯ್ದೆ. ಮೂರು ವಾರ ಇಟ್ಟುಕೊಂಡು ಅರ್ಧದಷ್ಟು ತೆಗೆದುಕೊಟ್ಟರು. ಫೈಲುಗಳ ಹೆಸರೆಲ್ಲ ಹೋಗಿ ಬರೀ ನಂಬರು ಉಳಿದಿತ್ತು. ದೇವರನಾಮ ಒಂದು ಸಿಕ್ಕಿತು. ಇನ್ನೊಂದು ಸಿಗಲಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನೂ ಮುಂದಿನ ವಾರವೇ ಬೆಂಗಳೂರಿನ ಟೌನ್ ಹಾಲ್ ಹತ್ತಿರ ಬಸ್ ಇಳಿದು, ಕಂಪ್ಯೂಟರ್ ಅಂಗಡಿಗಳ ಸಾಲಿರುವ ಎಸ್.ಪಿ. ರಸ್ತೆಗೆ ನಡೆದೆ. ಒಂದು ಅಂಗಡಿಯಲ್ಲಿ "ಒಳ್ಳೇ ನ್ಯಾಸ್ ಒಂದು ಕೊಡಿ" ಅಂದೆ. ಅಂಗಡಿಯವರು "ಎಷ್ಟು ಬೇ ಬೇಕು ಸಾರ್?" ಅಂದರು. ನನಗೆ ಬೇಕು ಅನ್ನುವುದು ಮಾತ್ರ ಅರ್ಥವಾಯಿತು. ಸುಮ್ನೆ ತಲೆಯಾಡಿಸಿ, ಕೇಬಲ್ ಒಂದು ಕೊಂಡು ವಾಪಸ್ ಬಂದೆ.

ನ್ಯಾಸ್, ಅಂದರೆ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್, ಒಂದು ಪುಟ್ಟ ಡಬ್ಬಿ. ಒಳಗೆ ಹಾರ್ಡ್ ಡಿಸ್ಕ್ ಕೂರಿಸುವ ಗುಳಿಗಳಿರುತ್ತವೆ. ಅದಕ್ಕೇ ಬೇ ಅನ್ನುತ್ತಾರೆ. ಡಬ್ಬಿಯನ್ನು ಮನೆಯ ವೈಫೈ ರೌಟರಿಗೆ ಜೋಡಿಸಿದರೆ ಮನೆಯ ಎಲ್ಲ ಫೋನು, ಲ್ಯಾಪ್‌ಟಾಪು, ಟಿವಿಗೂ ಅದು ಸಿಗುತ್ತದೆ. ಹಳೇ ಮನೆಗಳ ಅಟ್ಟ ಇದ್ದ ಹಾಗೆ. ಯಾರು ಬೇಕಾದರೂ ಹತ್ತಿ ಇಡಬಹುದು, ಇಳಿಸಿಕೊಳ್ಳಬಹುದು. ಅಂದ ಹಾಗೆ ನಮ್ಮಲ್ಲೂ ನ್ಯಾಸ ಅನ್ನುವ ಮಾತಿದೆ. ಒಬ್ಬರನ್ನು ನಂಬಿ ಅವರ ಬಳಿ ಇಟ್ಟ ಗಂಟು ಅಂತ ಅರ್ಥ. ಇಂಗ್ಲಿಷಿನ ಮೂರಕ್ಷರಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಹೊಂದುತ್ತದೆ ಅಲ್ವಾ?

ಗೂಗಲ್ ಫೋಟೋಸ್ ಇದೆಯಲ್ಲ, ಡಬ್ಬಿ ಯಾಕೆ ಅಂತ ನನ್ನ ಹೆಂಡತಿಯೂ ಕೇಳಿದಳು. 2021ರ ಜೂನ್ 1ರವರೆಗೆ ಅಲ್ಲಿ ಎಷ್ಟು ಫೋಟೊ ಹಾಕಿದರೂ ಬಿಟ್ಟಿ ಇತ್ತು, ಗುಣಮಟ್ಟ ಸ್ವಲ್ಪ ತಗ್ಗಿಸಿಕೊಂಡರೆ ಸಾಕಿತ್ತು. ಆಮೇಲೆ ಮೇಲ್, ಫೋಟೊ, ಕಡತ ಎಲ್ಲ ಸೇರಿ 15 ಜಿಬಿ. ಈಗಿನ ಫೋನುಗಳಲ್ಲಿ 4ಕೆ ವಿಡಿಯೊ ತೆಗೆದರೆ ಒಂದು ನಿಮಿಷಕ್ಕೆ 170 ಎಂಬಿಯಿಂದ 400 ಎಂಬಿವರೆಗೆ ಹೋಗುತ್ತದೆ. ಅರ್ಧ ಗಂಟೆಯ ನಾಮಕರಣ ತೆಗೆದರೆ 5 ಜಿಬಿ, 12 ಜಿಬಿ. ಮಗುವಿಗೆ ಹೆಸರಿಡುವಷ್ಟರಲ್ಲಿ ಬಿಟ್ಟಿ ಜಾಗ ಮುಗಿದಿರುತ್ತದೆ. ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟುವುದು ತಪ್ಪೇನಲ್ಲ. ಇರುವುದು ಬರೀ ನೂರಿನ್ನೂರು ಜಿಬಿ ಆಗಿದ್ದರೆ, ದಯವಿಟ್ಟು ದುಡ್ಡು ಕಟ್ಟಿ ಹಾಯಾಗಿರಿ. ಡಬ್ಬಿ ಬೇಡ. ನಾನು ಮನೆಯವರ ಫೋನೆಲ್ಲ ತಡಕಿ ಲೆಕ್ಕ ಹಾಕಿದಾಗ 900 ಜಿಬಿ ಬಂತು. ಅದಕ್ಕೇ ಮತ್ತೆ ಎಸ್.ಪಿ. ರಸ್ತೆ.

ಈ ಸಲ ಓದಿಕೊಂಡು ಹೋಗಿದ್ದೆ. ಆದರೂ ಒಂದು ಪೆಟ್ಟಿಗೆಯ ಮೇಲೆ ಸಿನಾಲಜಿ ಡಿಎಸ್ 923 ಪ್ಲಸ್ ಅಂತ ನೋಡಿ ಒಂಬತ್ತು ಗುಳಿ ಹುಡುಕಿದೆ. ಇದ್ದದ್ದು ನಾಲ್ಕೇ. ಆ ತೈವಾನ್ ಕಂಪನಿಯ ಇಂಥ ಮೂರಂಕಿಯ ಹೆಸರುಗಳಲ್ಲಿ ಮೊದಲ ಅಂಕಿ, ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಜೋಡಿಸಿದರೆ ಹೆಚ್ಚೆಂದರೆ ಎಷ್ಟು ಡಿಸ್ಕ್ ಹಿಡಿಸುತ್ತದೆ ಅನ್ನುವುದು. ಮುಂದಿನ ಎರಡು ಅಂಕಿ ಮಾದರಿಯ ವರ್ಷ. ಇದು ಗೊತ್ತಿದ್ದರೆ ಹಳೇ ಸರಕನ್ನು ಹೊಸದು ಅಂತ ಕೊಳ್ಳುವುದು ತಪ್ಪುತ್ತದೆ. ಇನ್ನೊಂದು ಮಾತು. ಪೆಟ್ಟಿಗೆಯ ಮೇಲಿನ ಬೆಲೆ ಸಾಮಾನ್ಯವಾಗಿ ಖಾಲಿ ಡಬ್ಬಿಯದು. ಡಿಸ್ಕಿಗೆ ಬೇರೆ ದುಡ್ಡು ತೆಗೆದಿಡಬೇಕು.

ಎಷ್ಟು ಗುಳಿ? ಮನೆಗೆ ಎರಡು ಸಾಕು ಅನ್ನುವುದು ನನ್ನ ಅಭಿಪ್ರಾಯ. ಒಂದೇ ಗುಳಿಯದ್ದು ಬೇಡ, ಅದು ನನ್ನ ಷೋಕೇಸಿನ ಡಿಸ್ಕಿಗೆ ಅಂಗಿ ತೊಡಿಸಿದ ಹಾಗೆ. ಎರಡಿದ್ದರೆ, ಒಂದರಲ್ಲಿ ಬರೆದದ್ದು ಆ ಗಳಿಗೆಯಲ್ಲೇ ಇನ್ನೊಂದರಲ್ಲೂ ಬರೆಯುವಂತೆ ಮಾಡಬಹುದು. ಇದಕ್ಕೆ ರೈಡ್ 1 ಅನ್ನುತ್ತಾರೆ. ತಲಾ 4 ಟಿಬಿಯ, ಅಂದರೆ ನಾಲ್ಕು ಸಾವಿರ ಜಿಬಿಯ, ಎರಡು ಡಿಸ್ಕ್ ಹಾಕಿದರೆ ಸಿಗುವ ಜಾಗ 4 ಟಿಬಿಯೇ. ಕಂಪ್ಯೂಟರ್ ಅದನ್ನೂ 3.6 ಅಂತ ತೋರಿಸೀತು. ಎಣಿಸುವ ಕ್ರಮ ಬೇರೆ, ಅಂಗಡಿಯವರ ಜೊತೆ ಜಗಳ ಬೇಡ. ಒಂದು ಡಿಸ್ಕ್ ಸತ್ತರೂ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಸತ್ತದ್ದನ್ನು ಕಿತ್ತು ಹೊಸದನ್ನು ಕೂರಿಸಿದರೆ ಡಬ್ಬಿ ತಾನಾಗಿಯೇ ಮತ್ತೆ ನಕಲು ತೆಗೆದುಕೊಳ್ಳುತ್ತದೆ.

ಇಷ್ಟು ಕೇಳಿದ ಮೇಲೆ ನನಗೆ ನಿಶ್ಚಿಂತೆ ಆಯಿತು. ಎಲ್ಲರೂ ಎಡವುವುದು ಇಲ್ಲೇ. ಇದು ಕನ್ನಡಿ. ಕನ್ನಡಿ ಮುಂದೆ ನಿಂತು ಹಣೆಯ ವಿಭೂತಿ ಒರೆಸಿಕೊಂಡರೆ ಕನ್ನಡಿಯ ಒಳಗೂ ವಿಭೂತಿ ಇರುವುದಿಲ್ಲ. ಮಗ ಆಟವಾಡುತ್ತಾ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಸಿಹೋಗುತ್ತದೆ. ಕಳ್ಳ ಬಂದರೆ ಡಬ್ಬಿಯನ್ನೇ ಎತ್ತಿಕೊಂಡು ಹೋಗುತ್ತಾನೆ. ಮಳೆನೀರು ಮನೆಗೆ ನುಗ್ಗಿದರೆ ಎರಡೂ ಒಟ್ಟಿಗೆ ಮುಳುಗುತ್ತವೆ. ನಮ್ಮೂರಿನಲ್ಲಿ ಯಾವ ಬಡಾವಣೆ ಯಾವ ಮಳೆಗೆ ಕೆರೆಯಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅದನ್ನೇ ನಂಬಿ ಕೂತರೆ ಕೊನೆಗೆ ಉಳಿಯುವುದು ಕನ್ನಡಿಯೊಳಗಿನ ಗಂಟು.

ಹಾಗಾಗಿ ನಾನು ಬಜೆಟ್ಟನ್ನು ತಿರುಗಿಸಿ ಹಾಕಿದೆ. ನಾಲ್ಕು ಗುಳಿಯ ಡಬ್ಬಿಯ ಆಸೆ ಬಿಟ್ಟೆ. ಎರಡು ಗುಳಿಯದ್ದು ಕೊಂಡು, ಉಳಿದ ದುಡ್ಡಿಗೆ ಯುಎಸ್‌ಬಿ ಡಿಸ್ಕ್ ಎರಡು ತಂದೆ. ಡಬ್ಬಿ ಪ್ರತಿ ರಾತ್ರಿ ಒಂದಕ್ಕೆ ಪ್ರತಿ ತೆಗೆಯುತ್ತದೆ. ಇನ್ನೊಂದು ತುಮಕೂರಿನಲ್ಲಿ, ನನ್ನ ಅಕ್ಕನ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇರುತ್ತದೆ. ಹಬ್ಬಕ್ಕೆ ಹೋದಾಗ ಅದಲು ಬದಲು. ಇದಕ್ಕೆ ಈ ವಿಷಯದವರು 3-2-1 ಅನ್ನುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಡಿಸ್ಕಿಗೆ ಪಾಸ್‌ವರ್ಡ್ ಬೀಗ ಹಾಕಿದ್ದೇನೆ. ಆ ಪಾಸ್‌ವರ್ಡನ್ನು ಮನೆಪತ್ರದ ಕವರಿನಲ್ಲಿ ಬರೆದೂ ಇಟ್ಟಿದ್ದೇನೆ. ನಾನೊಬ್ಬನೇ ಬಲ್ಲ ಬೀಗ ಮನೆಯವರ ಪಾಲಿಗೆ ಕಳ್ಳತನವಾದ ಹಾಗೇ ಅಲ್ವಾ?

ಮಗ ಅಳಿಸುವ ಕಾಟಕ್ಕೆ ಸ್ನ್ಯಾಪ್‌ಶಾಟ್ ಅನ್ನುವ ಸೌಲಭ್ಯ ಬೇರೆ ಇದೆ. ನಿನ್ನೆ ಹೇಗಿತ್ತು, ಮೊನ್ನೆ ಹೇಗಿತ್ತು ಅಂತ ಡಬ್ಬಿ ನೆನಪಿಟ್ಟುಕೊಂಡಿರುತ್ತದೆ. ಕಡಿಮೆ ಬೆಲೆಯ ಎಲ್ಲ ಮಾದರಿಗಳಲ್ಲೂ ಇದು ಇರುವುದಿಲ್ಲ. ಕೊಳ್ಳುವ ಮುಂಚೆ ಕೇಳಿ. ಪ್ರೊಸೆಸರ್ ಯಾವುದು ಅಂತ ಕೇಳುವುದಕ್ಕಿಂತ ಇದು ಮುಖ್ಯ ಅನ್ನುತ್ತೇನೆ. ಟಿವಿಗೆ ಸಿನಿಮಾ ಪರಿವರ್ತಿಸಿ ಕಳಿಸುವ ಆಸೆ ಇದ್ದವರು ಮಾತ್ರ ಪ್ರೊಸೆಸರ್ ಕಡೆ ಜಾಸ್ತಿ ನೋಡಲಿ.

ಈಗ ಡಿಸ್ಕಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್ಲ ಡಿಸ್ಕೂ ಒಂದೇ ಅಲ್ಲ. ಮಲೆನಾಡಿನ ಹೆಂಚಿನ ಮನೆ ನೆನಪು ಮಾಡಿಕೊಳ್ಳಿ. ಒಂದು ಹೆಂಚಿನ ಅಂಚು ಇನ್ನೊಂದರ ಮೇಲೆ ಕೂತಿರುತ್ತದೆ. ಮಧ್ಯದ ಒಂದು ಹೆಂಚು ಬದಲಾಯಿಸಬೇಕಾದರೆ ಪಕ್ಕದವನ್ನೂ ಸರಿಸಬೇಕು. ಕೆಲವು ಡಿಸ್ಕುಗಳಲ್ಲಿ ಮಾಹಿತಿಯ ಗೆರೆಗಳನ್ನು ಹೀಗೇ ಒಂದರ ಅಂಚಿನ ಮೇಲೆ ಒಂದು ಬರೆದಿರುತ್ತಾರೆ. ಅದೇ ಜಾಗದಲ್ಲಿ ಜಾಸ್ತಿ ಹಿಡಿಸುತ್ತದೆ, ಡಿಸ್ಕ್ ಅಗ್ಗವಾಗುತ್ತದೆ. ಇದರ ಹೆಸರು ಎಸ್‌ಎಂಆರ್. ತಿದ್ದಿ ಬರೆಯಬೇಕಾದಾಗ ಮಾತ್ರ ಪಕ್ಕದ ಗೆರೆಗಳನ್ನೂ ಎತ್ತಿ ಮತ್ತೆ ಕೂರಿಸಬೇಕು, ಆಗ ನಿಧಾನ. ಫೋಟೊ ತುಂಬಿ ಬೀರುವಿನಲ್ಲಿ ಇಡುವುದಕ್ಕೆ ಪರವಾಗಿಲ್ಲ. ನ್ಯಾಸಿನಲ್ಲಿ ಒಂದು ಡಿಸ್ಕ್ ಸತ್ತು, ಹೊಸದಕ್ಕೆ ಇಡೀ ನಕಲು ತೆಗೆಯುವ ಹೊತ್ತಿನಲ್ಲಿ ಇದು ಒದ್ದಾಡುತ್ತದೆ. ಗೆರೆಗಳು ಪಕ್ಕಪಕ್ಕ ಬೇರೆಬೇರೆಯಾಗಿ ಇರುವ ಬಗೆ ಸಿಎಂಆರ್. ನಮಗೆ ಬೇಕಾದದ್ದು ಅದು.

2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ, ನ್ಯಾಸಿಗೆಂದೇ ಮಾರುತ್ತಿದ್ದ ತನ್ನ ರೆಡ್ ಡಿಸ್ಕುಗಳಲ್ಲಿ 2ರಿಂದ 6 ಟಿಬಿವರೆಗಿನ ಕೆಲವು ಎಸ್‌ಎಂಆರ್ ಅಂತ ಒಪ್ಪಿಕೊಂಡಿತು. ಕೊಂಡವರಿಗೆ ಅದುವರೆಗೆ ತಿಳಿಸಿಯೇ ಇರಲಿಲ್ಲ. ಗಲಾಟೆಯಾದ ಮೇಲೆ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಅಂತ ಬೇರೆ ಹೆಸರಿಟ್ಟಿತು. ಆದ್ದರಿಂದ ಬರೀ ಕೆಂಪು ಬಣ್ಣ ನೋಡಿ ಕೊಳ್ಳಬೇಡಿ. ರೆಡ್ ಪ್ಲಸ್ ಆಗಲಿ, ಸೀಗೇಟಿನ ಐರನ್‌ವುಲ್ಫ್ ಆಗಲಿ, ಮೂರು ವರ್ಷದ ವಾರಂಟಿ ಇರುತ್ತದೆ. ಪ್ರೊ ಅನ್ನುವವಕ್ಕೆ ಐದು. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಡಿಸ್ಕಿನ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ಭಾರತದಲ್ಲಿ ವಾರಂಟಿ ಇದೆಯೇ ಅಂತ ಅಂಗಡಿಯಲ್ಲೇ ನಿಂತು ನೋಡಿ. ಎರಡು ನಿಮಿಷದ ಕೆಲಸ. ಇನ್ನೂ ಒಂದು ಉಪಾಯ. ಎರಡು ಡಿಸ್ಕನ್ನು ಬೇರೆ ಬೇರೆ ಅಂಗಡಿಯಲ್ಲಿ ತೆಗೆದುಕೊಳ್ಳಿ. ಒಂದೇ ಕಂತಿನಲ್ಲಿ ತಯಾರಾದವು ಒಟ್ಟೊಟ್ಟಿಗೇ ಕೈಕೊಡುವ ಸಾಧ್ಯತೆ ಇದೆ.

ಡಬ್ಬಿಗೆ ಯಾವ ಡಿಸ್ಕ್ ಹೊಂದುತ್ತದೆ ಅನ್ನುವುದನ್ನೂ ನೋಡಿಕೊಳ್ಳಬೇಕು. 2025ರಲ್ಲಿ ಸಿನಾಲಜಿ ತನ್ನ ಹೊಸ ಪ್ಲಸ್ ಮಾದರಿಗಳಿಗೆ ತಾನು ಒಪ್ಪಿದ ಡಿಸ್ಕೇ ಬೇಕು ಅಂತ ಪಟ್ಟು ಹಿಡಿಯಿತು. ಗ್ರಾಹಕರು ಸಿಟ್ಟಾದರು. ಅದೇ ಅಕ್ಟೋಬರಿನಲ್ಲಿ ಪಟ್ಟು ಸಡಿಲಿಸಿತು.

ಕಂಪನಿ ಆರಿಸುವಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಇವರು ಎಷ್ಟು ವರ್ಷ ತಂತ್ರಾಂಶ ತಿದ್ದುತ್ತಾ ಇರುತ್ತಾರೆ? ಯಾಕೆಂದರೆ ಈ ಡಬ್ಬಿ ಹಗಲೂ ರಾತ್ರಿ ಇಂಟರ್‌ನೆಟ್ಟಿನ ಪಕ್ಕದಲ್ಲೇ ಕೂತಿರುತ್ತದೆ. ಮೈ ಬುಕ್ ಲೈವ್ ಅನ್ನುವ ಡಬ್ಬಿಗೆ 2015ರ ನಂತರ ಹೊಸ ತಂತ್ರಾಂಶ ಬರುವುದು ನಿಂತಿತ್ತು. ಜನ ಬಳಸುತ್ತಲೇ ಇದ್ದರು. 2021ರ ಜೂನ್‌ನಲ್ಲಿ ಹ್ಯಾಕರ್‌ಗಳು ದೂರದಿಂದಲೇ ಎಷ್ಟೋ ಮನೆಗಳ ಡಬ್ಬಿಯನ್ನು ಖಾಲಿ ಮಾಡಿಬಿಟ್ಟರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ಪೀಡೆ ಕ್ಯೂನ್ಯಾಪ್ ಕಂಪನಿಯ ಡಬ್ಬಿಗಳಿಗೆ ಹೊಕ್ಕು, ಫೈಲುಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳಿತು. ಹೊಕ್ಕದ್ದು ಹೊರಗಿಂದ ನೇರವಾಗಿ ತಲುಪುವಂತೆ ಬಾಗಿಲು ತೆರೆದಿಟ್ಟಿದ್ದ ಡಬ್ಬಿಗಳಿಗೆ. ಬೆಂಗಳೂರಿಂದ ಹೊರಗಿರುವಾಗಲೂ ಫೋಟೊ ನೋಡಬೇಕು ಅಂತ ರೌಟರಿನಲ್ಲಿ ಪೋರ್ಟ್, ಅಂದರೆ ಇಂಥ ಬಾಗಿಲು, ತೆರೆಯುವವರಿದ್ದಾರೆ. ಬೇಡ.

ತೆರೆದರೂ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅದು ಕೆಲಸ ಮಾಡುವುದಿಲ್ಲ. ಇಂಟರ್‌ನೆಟ್ ಕೊಡುವವರು ನೂರಾರು ಮನೆಗೆ ಒಂದೇ ಹೊರವಿಳಾಸ ಕೊಟ್ಟಿರುತ್ತಾರೆ. ಹಳೇ ವಠಾರದ ಹಾಗೆ. ರಸ್ತೆಯಲ್ಲಿ ಒಂದೇ ಡೋರ್ ನಂಬರು, ಒಳಗೆ ಹನ್ನೆರಡು ಸಂಸಾರ. ಪೋಸ್ಟ್‌ಮ್ಯಾನ್ ಯಾರನ್ನು ಕೂಗಬೇಕು? ಟೈಲ್‌ಸ್ಕೇಲ್ ತರಹದ ತಂತ್ರಾಂಶ ಈ ಗಂಟನ್ನು ಬಿಡಿಸುತ್ತದೆ. ಡಬ್ಬಿಗೂ ಫೋನಿಗೂ ಹಾಕಿದರೆ ಅವೆರಡೇ ಗುಟ್ಟಾಗಿ ಮಾತಾಡಿಕೊಳ್ಳುತ್ತವೆ. ಮನೆಮಂದಿಯ ಬಳಕೆಗೆ ಅದರ ಬಿಟ್ಟಿ ಯೋಜನೆಯೇ ನಮಗೆ ಸಾಕಾಗಿದೆ.

ಇನ್ನು ಕರೆಂಟು. ಎರಡು ಗುಳಿಯ ಡಬ್ಬಿ ಹೆಚ್ಚೂಕಡಿಮೆ 20 ವ್ಯಾಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 14 ಯೂನಿಟ್ಟು. ದೊಡ್ಡದಲ್ಲ. ಆದರೆ ಗೃಹಜ್ಯೋತಿಯಲ್ಲಿ ನಿಮ್ಮ ಮಿತಿಯ ಅಂಚಿನಲ್ಲೇ ನಿಂತಿದ್ದರೆ ಈ 14 ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ನಮ್ಮ ಬೀದಿಯಲ್ಲಿ ಕೊಂಬೆ ಬಿದ್ದು ಕರೆಂಟು ಹೋಗುವುದು ಪ್ರತಿ ವರ್ಷದ ಪಾಡು. ಡಿಸ್ಕ್ ಬರೆಯುತ್ತಿರುವಾಗ ಕರೆಂಟು ಪಟ್ ಅಂತ ಹೋದರೆ ಫೈಲು ಕೆಡಬಹುದು. ಸಣ್ಣ ಯುಪಿಎಸ್ ಒಂದು ಬೇಕೇ ಬೇಕು. ಅದಕ್ಕೂ ಡಬ್ಬಿಗೂ ಯುಎಸ್‌ಬಿ ವೈರ್ ಹಾಕುವಂಥದ್ದೇ ತನ್ನಿ. ಬ್ಯಾಟರಿ ಇಳಿಯುತ್ತಿದೆ ಅಂತ ಯುಪಿಎಸ್ ಹೇಳಿದ ಕೂಡಲೇ ಡಬ್ಬಿ ಬರೆಯುವುದು ನಿಲ್ಲಿಸಿ ತಾನೇ ಮಲಗುತ್ತದೆ.

ಡಬ್ಬಿಯಿಂದ ರೌಟರಿಗೆ ವೈರನ್ನೇ ಎಳೆಯಿರಿ. ರೌಟರ್ ಹಳೆಯದಾಗಿ ವೈರು ಸಿಕ್ಕಿಸುವ ಪೋರ್ಟಿನ ವೇಗ 100 ಎಂಬಿಪಿಎಸ್ ಆಗಿದ್ದರೆ 1 ಟಿಬಿ ತುಂಬಲು ಹೆಚ್ಚೂಕಡಿಮೆ ಒಂದು ಇಡೀ ದಿನ ಬೇಕು. ಗಿಗಾಬಿಟ್, ಅಂದರೆ ಅದರ ಹತ್ತರಷ್ಟು ವೇಗ, ಆಗಿದ್ದರೆ ಎರಡೂವರೆ ಗಂಟೆ. ಮಲಗುವ ಕೋಣೆಯಲ್ಲಿ ಮಾತ್ರ ಇಡಬೇಡಿ. ರಾತ್ರಿ ಹೊತ್ತು ಗೊರಗೊರ ಅನ್ನುತ್ತದೆ. ನಮ್ಮಲ್ಲಿ ಈಗಾಗಲೇ ಒಬ್ಬರು ಆ ಕೆಲಸಕ್ಕೆ ಇದ್ದೇವೆ.

ಹಳೇ ಕಂಪ್ಯೂಟರಿಗೇ ಓಪನ್ ಮೀಡಿಯಾ ವಾಲ್ಟ್, ಟ್ರೂನ್ಯಾಸ್ ತರಹದ ತಂತ್ರಾಂಶ ಹಾಕಿ ಸ್ವಂತ ನ್ಯಾಸ್ ಕಟ್ಟಬಹುದು. ಕಟ್ಟಿದವರು ನನ್ನ ಗೆಳೆಯರಲ್ಲೂ ಇದ್ದಾರೆ, ಬಹಳ ಚೆನ್ನಾಗಿದೆ. ಅವರು ಊರಿಗೆ ಹೋದಾಗ ಅದು ನಿಂತರೆ ಮನೆಯಲ್ಲಿ ಯಾರಿಗೂ ಎಬ್ಬಿಸಲು ಬರುವುದಿಲ್ಲ, ಅಷ್ಟೇ.

ಕಳೆದ ದೀಪಾವಳಿಗೆ ತುಮಕೂರಿನಿಂದ ಡಿಸ್ಕ್ ತಂದಾಗ ಒಂದು ಪರೀಕ್ಷೆ ಮಾಡಿದೆ. ಬರೆದದ್ದು ನಿಜವಾಗಿ ವಾಪಸ್ ಬರುತ್ತದೆಯೇ ಅಂತ. ಅಪ್ಪನ ದೇವರನಾಮ ತೆರೆದೆ, ಹಾಡಿತು. ನಾಮಕರಣದ ವಿಡಿಯೊ ಉಳಿದಷ್ಟು ಓಡಿತು. ಎಲ್ಲಕ್ಕಿಂತ ದೊಡ್ಡದಾಗಿದ್ದ ಫೋಲ್ಡರ್ ಯಾವುದಪ್ಪಾ ಅಂತ ಬಿಚ್ಚಿ ನೋಡಿದೆ. ಅಮ್ಮನ ಫೋನಿನಿಂದ ಬಂದದ್ದು. ವಾಟ್ಸಾಪಿನ ಶುಭೋದಯ, ಗುಲಾಬಿ ಹೂವು, ಏಳು ಕುದುರೆಯ ಸೂರ್ಯ, ಸಾವಿರಗಟ್ಟಲೆ. ಹನುಮಂತನಗರದಲ್ಲಿ ಎರಡು ಪ್ರತಿ, ತುಮಕೂರಿನ ರೇಷ್ಮೆ ಸೀರೆಗಳ ನಡುವೆ ಒಂದು. ಅಳಿಸೋಣವೇ ಅಂತ ಅಮ್ಮನನ್ನು ಕೇಳಿದೆ. ಒಂದನ್ನೂ ಅಳಿಸಬೇಡ ಅಂದರು.

ನಮಸ್ಕಾರ.