ಕೊಲೆಗಾರನ ಒಂದೇ ಒಂದು ಒಳ್ಳೆಯ ಕಥೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1971ರ ಸೆಪ್ಟೆಂಬರ್ 15ರಂದು ಪ್ರಸಾರವಾದ ‘ಮರ್ಡರ್ ಬೈ ದ ಬುಕ್’ ಎಂಬ ಕಂತಿನ ಗುಣದೋಷಗಳನ್ನು ಕುರಿತು ಈ ಹೊತ್ತು ಮಾತನಾಡುತ್ತೇನೆ. ‘ಕೊಲಂಬೊ’ ಪತ್ತೇದಾರಿ ಸರಣಿಯ ಎರಡು ಬಿಡಿ ಚಿತ್ರಗಳು ಅದಕ್ಕೂ ಮೊದಲೇ ಬಂದಿದ್ದವು. ಆದರೆ ಸರಣಿ ಕ್ರಮವಾಗಿ ಮೊದಲಾದದ್ದು ಈ ಕಂತಿನಿಂದ. ನಿರ್ದೇಶಿಸಿದ ಸ್ಟೀವನ್ ಸ್ಪಿಲ್‌ಬರ್ಗ್ ಅವರಿಗೆ ಆಗ 24 ವರ್ಷ. ಚಿತ್ರಕಥೆ ಸ್ಟೀವನ್ ಬಾಚ್ಕೊ ಅವರದು.

ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ರೂಪಿಸಿದ ಈ ಸರಣಿಯಲ್ಲಿ ಕೊಲೆಗಾರ ಯಾರು ಎಂಬ ಗುಟ್ಟೇ ಇರುವುದಿಲ್ಲ. ಕೊಲೆ ನಮ್ಮ ಕಣ್ಣೆದುರೇ ನಡೆಯುತ್ತದೆ. ಮಾಸಲು ಮಳೆಯಂಗಿ ತೊಟ್ಟ ಲೆಫ್ಟಿನೆಂಟ್ ಕೊಲಂಬೊ ಅದನ್ನು ಹೇಗೆ ಹಿಡಿಯುತ್ತಾನೆ ಎಂಬುದಷ್ಟೇ ಕುತೂಹಲ. ಈ ಕಂತಿನಲ್ಲಿ ಕೆನ್ ಫ್ರಾಂಕ್ಲಿನ್ ಮತ್ತು ಜಿಮ್ ಫೆರಿಸ್ ಜೋಡಿಯಾಗಿ ಪತ್ತೇದಾರಿ ಕಾದಂಬರಿಗಳನ್ನು ಪ್ರಕಟಿಸಿ ಹೆಸರು ಮಾಡಿದವರು. ನಿಜವಾಗಿ ಬರೆಯುವವನು ಜಿಮ್ ಒಬ್ಬನೇ. ಕೆನ್ ಮಾತುಗಾರ, ಸಂದರ್ಶನಗಳಲ್ಲಿ ಮಿಂಚುವವನು. ಜಿಮ್ ಬೇರೆಯಾಗಿ ಗಂಭೀರ ಬರವಣಿಗೆಗೆ ಹೊರಟಾಗ, ಆದಾಯ ಕೈಬಿಟ್ಟುಹೋಗುವ ಭಯದಿಂದಲೂ ಜಿಮ್‌ನ ಜೀವವಿಮೆಯ ಹಣದ ಆಸೆಯಿಂದಲೂ ಕೆನ್ ಅವನನ್ನು ಕೊಲ್ಲುತ್ತಾನೆ.

ಆರಂಭದ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ. ರಸ್ತೆಯಲ್ಲಿ ಒಂದು ಕಾರು ಬರುತ್ತಿದೆ, ಆದರೆ ಅದರ ಸದ್ದು ಕೇಳಿಸುವುದಿಲ್ಲ. ಕೇಳಿಸುವುದು ಟೈಪ್‌ರೈಟರ್‌ನ ಟಕಟಕ ಮಾತ್ರ. ಎತ್ತರದ ಕಟ್ಟಡದ ಗಾಜಿನ ಕಿಟಕಿಯ ಒಳಗೆ ಜಿಮ್ ತನ್ನ ಪಾಡಿಗೆ ಟೈಪ್ ಮಾಡುತ್ತಾ ಕುಳಿತಿದ್ದಾನೆ, ಕೆಳಗೆ ಅವನ ಸಾವು ಕಾರಿನಿಂದ ಇಳಿಯುತ್ತಿದೆ. ಇನ್ನೂ ಒಂದು ಮಾತೂ ಆಡದ ಈ ಹೊತ್ತಿಗೇ ಇಬ್ಬರ ಸಂಬಂಧವೂ ನಮಗೆ ತಿಳಿದುಹೋಗಿರುತ್ತದೆ: ಒಬ್ಬ ದುಡಿಯುವವನು, ಇನ್ನೊಬ್ಬ ಆ ದುಡಿಮೆಯ ಮೇಲೆ ಸವಾರಿ ಮಾಡುವವನು. ಧ್ವನಿಯನ್ನೇ ನೆಚ್ಚಿರುವ ಬಾನುಲಿಯಲ್ಲಿ ಕುಳಿತು ಹೇಳುತ್ತಿದ್ದೇನೆ, ಒಂದೇ ಸದ್ದಿಗೆ ಇಷ್ಟು ಕೆಲಸ ಕೊಟ್ಟ ದೃಶ್ಯಗಳು ದೂರದರ್ಶನದಲ್ಲಿ ವಿರಳ.

ಸುಳಿವುಗಳು ಹುಟ್ಟುವ ಬಗೆಯೂ ಅಷ್ಟೇ ಚೆಲುವಾದದ್ದು. ಸ್ಯಾನ್ ಡಿಯೇಗೊ ಕಡೆಯ ತನ್ನ ಮನೆಗೆ ಜಿಮ್‌ನನ್ನು ಕರೆದೊಯ್ದ ಕೆನ್, ಆಫೀಸಿನಿಂದಲೇ ಮಾತನಾಡುತ್ತಿರುವಂತೆ ಅವನಿಂದ ಹೆಂಡತಿಗೆ ಫೋನ್ ಮಾಡಿಸಿ, ಮಾತಿನ ನಡುವೆಯೇ ಗುಂಡು ಹೊಡೆಯುತ್ತಾನೆ. ಗುಂಡಿನ ಸದ್ದು ಕೇಳಿದ ಜೊಆನಾ, ಗಂಡ ಲಾಸ್ ಏಂಜಲಿಸ್‌ನಲ್ಲಿದ್ದಾನೆಂದೇ ಪೊಲೀಸರಿಗೆ ಹೇಳುತ್ತಾಳೆ. ಗೆಳೆಯನಿಗೆ ಅಪಾಯವಾಗಿದೆ ಎಂದು ತಿಳಿದ ಮೇಲೂ ಕೆನ್ ವಿಮಾನ ಹಿಡಿಯದೆ ಅಷ್ಟು ದೂರ ಕಾರಿನಲ್ಲೇ ಬಂದದ್ದೇಕೆ ಎಂದು ಕೊಲಂಬೊ ಕೇಳುತ್ತಾನೆ. ಹೆಣ ಡಿಕ್ಕಿಯಲ್ಲಿತ್ತು, ಬೇರೆ ದಾರಿಯಿರಲಿಲ್ಲ. ಅದನ್ನು ಲಾಸ್ ಏಂಜಲಿಸ್‌ನ ತನ್ನ ಮನೆಯಂಗಳದಲ್ಲೇ ಹಾಕಿ ಪೊಲೀಸರಿಗೆ ಸುದ್ದಿ ಕೊಟ್ಟ ಮೇಲೆ ಕೆನ್ ತನಗೆ ಬಂದ ಅಂಚೆ ಕಾಗದಗಳನ್ನು ಒಡೆದು ನೋಡಿದ್ದೂ ಕೊಲಂಬೊನ ಕಣ್ಣಿಗೆ ಬೀಳುತ್ತದೆ. ಗೆಳೆಯನ ಹೆಣ ಅಂಗಳದಲ್ಲಿರುವಾಗ ಬಿಲ್ಲು ನೋಡುವ ಮನಸ್ಸು ಯಾರಿಗೆ ಬರುತ್ತದೆ? ಇವೆರಡೂ ಮನುಷ್ಯಸ್ವಭಾವದಿಂದ ಎದ್ದ ಪ್ರಶ್ನೆಗಳು. ದುಃಖದಲ್ಲಿರುವ ಜೊಆನಾಳ ಅಡುಗೆಮನೆಗೆ ಹೋಗಿ ಕೊಲಂಬೊ ತಾನೇ ಆಮ್ಲೆಟ್ ಮಾಡಿಕೊಡುವ ಪುಟ್ಟ ದೃಶ್ಯದಲ್ಲೂ ಪೀಟರ್ ಫಾಕ್ ಅವರ ಅಭಿನಯದ ಹದ ಕಾಣುತ್ತದೆ. ಅಲ್ಲಿ ಅನುಕಂಪವೂ ತನಿಖೆಯೂ ಬೇರೆ ಬೇರೆಯಾಗಿಲ್ಲ.

ಕೊನೆಯ ಪತ್ತೆಯಂತೂ ಒಬ್ಬ ವಿಮರ್ಶಕನ ಕೆಲಸ. ಮೊದಲ ಕೊಲೆ ಅಚ್ಚುಕಟ್ಟಾದದ್ದು, ಗುಟ್ಟು ಮುಚ್ಚಿಡಲು ಲಿಲಿ ಎಂಬಾಕೆಯನ್ನು ಕೊಂದ ಎರಡನೆಯದು ಒರಟು. ಎರಡೂ ಒಂದೇ ತಲೆಯಿಂದ ಹುಟ್ಟಿರಲಾರವು ಎಂದು ಕೊಲಂಬೊ ತರ್ಕಿಸುತ್ತಾನೆ. ಮೊದಲನೆಯದು ಜಿಮ್ ತನ್ನ ಕಾಗದಗಳಲ್ಲಿ ಗುರುತು ಹಾಕಿಕೊಂಡಿದ್ದ ಕಥೆಯ ಹೊಳಹು ಎಂದು ಗೊತ್ತಾಗುತ್ತದೆ. ಆ ಹೊಳಹು ತನ್ನದು, ತನಗೆ ಹೊಳೆದ ಒಂದೇ ಒಂದು ಒಳ್ಳೆಯ ಕಥೆ ಅದು ಎಂದು ಕೆನ್ ಒಪ್ಪಿಕೊಳ್ಳುವಾಗ ಜ್ಯಾಕ್ ಕ್ಯಾಸಿಡಿ ಅವರ ಮುಖದಲ್ಲಿ ಸೋಲಿನ ಜೊತೆಗೇ ಹೆಮ್ಮೆಯೂ ಸುಳಿಯುತ್ತದೆ.

ಆದರೆ ಪುರಾವೆ ಎಂದು ನೋಡಿದರೆ ಇದು ನಿಲ್ಲುವುದಿಲ್ಲ. ಕಥೆಗಾರನ ಬಳಿ ಕೊಲೆಯ ಕಥೆಯೊಂದರ ಟಿಪ್ಪಣಿ ಸಿಕ್ಕರೆ ಅದರಲ್ಲಿ ಅಚ್ಚರಿಯೇನು? ಯಾವ ವಕೀಲನೂ ಅದನ್ನು ತಳ್ಳಿಹಾಕಿಬಿಡಬಲ್ಲ. ಕೆನ್ ಬಾಯಿ ಮುಚ್ಚಿಕೊಂಡಿದ್ದರೆ ಕಂತು ಮುಗಿಯುತ್ತಲೇ ಇರಲಿಲ್ಲ. ಅವನ ಅಹಂಕಾರವೇ ಅವನನ್ನು ಮಾತನಾಡಿಸಿತು ಎಂದು ಸಮರ್ಥಿಸಬಹುದು, ನಾನೂ ಅರ್ಧ ಒಪ್ಪುತ್ತೇನೆ. ಆದರೂ ಅಷ್ಟು ಜಾಣ ಆಟದ ನಂತರ ಈ ಶರಣಾಗತಿ ಅವಸರದ್ದು.

ಇದಕ್ಕಿಂತ ದೊಡ್ಡ ಲೋಪ ಎರಡನೆಯ ಕೊಲೆಯಲ್ಲೇ ಇದೆ. ಲಿಲಿ ಲಾ ಸಾಂಕಾ ಸ್ಯಾನ್ ಡಿಯೇಗೊ ಕಡೆಯ ಕೆನ್‌ನ ಮನೆಯ ಬಳಿಯ ಅಂಗಡಿಯಾಕೆ. ಕಾರಿನಲ್ಲಿ ಕುಳಿತಿದ್ದ ಜಿಮ್‌ನನ್ನು ಆಕೆ ಗಮನಿಸಿದ್ದಳು, ಅದನ್ನು ಪೊಲೀಸರಿಗೆ ತಿಳಿಸದೆ ಬಚ್ಚಿಟ್ಟುಕೊಂಡಳು, ನಾಟಕಶಾಲೆಯಲ್ಲಿ ಕೆನ್‌ನ ಎದುರು ಬಂದು ನಿಂತು ನಗುನಗುತ್ತಲೇ, ಬೆದರಿಸಿ ಹಣ ಕೀಳುವ ತನ್ನ ದಾಳ ಉರುಳಿಸಿದಳು. ಇಷ್ಟು ಲೆಕ್ಕಾಚಾರದ ಹೆಂಗಸು, ಕೊಲೆಗಾರನೆಂದು ಗೊತ್ತಿದ್ದವನನ್ನು ಒಬ್ಬಳೇ ಇರುವಾಗ ಮನೆಯೊಳಗೆ ಬಿಟ್ಟುಕೊಂಡು ಶಾಂಪೇನ್ ಕುಡಿಯಲು ಕೂರುತ್ತಾಳೆಯೇ? ಎರಡನೆಯ ಕೊಲೆ ಒರಟಾಗಿರಬೇಕೆಂಬುದು ಕೊಲಂಬೊನ ತರ್ಕದ ಅಗತ್ಯ; ಅದಕ್ಕಾಗಿ ಚಿತ್ರಕಥೆ ಲಿಲಿಯ ಬುದ್ಧಿಯನ್ನೇ ಕಸಿದುಕೊಂಡಿತು. ಕಂಡದ್ದನ್ನು ಬರೆದು ಯಾರ ಬಳಿಯೋ ಇಟ್ಟಿದ್ದೇನೆ ಎಂಬ ಒಂದು ಸುಳ್ಳನ್ನಾದರೂ ಅವಳ ಬಾಯಲ್ಲಿ ಹೇಳಿಸಿದ್ದರೆ ಕೆನ್ ಇಕ್ಕಟ್ಟಿಗೆ ಸಿಕ್ಕುತ್ತಿದ್ದ, ಅವನ ಎಡವಟ್ಟಿಗೂ ಕಾರಣ ಸಿಗುತ್ತಿತ್ತು. ನಟಿ ಬಾರ್ಬರಾ ಕೋಲ್ಬಿ ಆ ಪಾತ್ರಕ್ಕೆ ತುಂಬಿದ ಒಂಟಿತನ ಮತ್ತು ಆಸೆ, ಬರಹದಲ್ಲಿರುವುದಕ್ಕಿಂತ ಬಹಳ ಹೆಚ್ಚಿನದು.

ನಮಸ್ಕಾರ.